ಕಾರವಾರದಲ್ಲಿ ಹಚ್ಚೆ ಹಾಕಿಸಿದ್ದು: ಅಂಗಡಿಯ ಕೆಲಸ, ಶಬ್ದದ ಲೆಕ್ಕ

ಕಾರವಾರ ಪೇಟೆಯ ಒಂದು ಟ್ಯಾಟೂ ಅಂಗಡಿಗೆ ಕಳೆದ ನವೆಂಬರಿನಲ್ಲಿ ತಂಗಿಯ ಮಗಳೊಡನೆ ಹೋಗಿದ್ದೆ. ಹಚ್ಚೆ ಹಾಕಿಸಿಕೊಂಡವಳು ಅವಳು. ನಾನು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಮಾರು ಮೂರು ತಾಸು ಕುಳಿತು ನೋಡಿದವನು, ಮತ್ತು ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಅಭ್ಯಾಸದಿಂದ ಗೋಡೆಯ ಮೇಲಿನ ಬರೆಹವನ್ನೆಲ್ಲ ಓದಿದವನು. ಅಂಗಡಿಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಮೆಚ್ಚಿದ್ದರ ಜೊತೆ ಮೆಚ್ಚದ್ದನ್ನೂ ಹೇಳುವುದಿದೆ, ಹಾಗೂ ಅದನ್ನು ನಡೆಸುತ್ತಿರುವ ಹುಡುಗ ಈಗಷ್ಟೇ ಕಾಲೂರುತ್ತಿದ್ದಾನೆ.

ಅವಳಿಗೆ ಬೇಕಾಗಿದ್ದದ್ದು ಹೊಸ ಚಿತ್ರವಲ್ಲ. ಅವಳ ಅಜ್ಜಿಯ, ಎಂದರೆ ನನ್ನ ತಾಯಿಯ, ಬಲಗೈಯ ಒಳಮಗ್ಗುಲಲ್ಲಿ ತುಳಸಿಕಟ್ಟೆಯ ಹಚ್ಚೆಯೊಂದಿತ್ತು: ಕೆಳಗೆ ಮೆಟ್ಟಿಲಿನಂತೆ ಮೂರು ಗೆರೆ, ನಡುವೆ ಚೌಕ, ಮೇಲೆ ಕವಲೊಡೆದ ಗಿಡ, ಸುತ್ತ ಐದು ಚುಕ್ಕಿ. ತಾಯಿ ಹದಿಮೂರರ ಹುಡುಗಿಯಾಗಿದ್ದಾಗ ಅಂಕೋಲೆಯ ಕಡೆಯ ಹಳ್ಳಿಮನೆಯ ಜಗಲಿಯಲ್ಲಿ ಒಬ್ಬ ಕೊರವಂಜಿ ಹಾಕಿದ ಹಚ್ಚೆ ಅದು. ಹರಳೆಣ್ಣೆಯ ದೀಪದ ಮೇಲೆ ಮಡಕೆಯ ಚೂರು ಹಿಡಿದು ಕಾಡಿಗೆ ಕೂಡಿಸಿ, ಯಾವುದೋ ಎಲೆಯ ರಸದಲ್ಲಿ ಅದನ್ನು ಅರೆದು, ಮೂರು ಸೂಜಿಗಳನ್ನು ನೂಲಿನಿಂದ ಒಟ್ಟಿಗೆ ಬಿಗಿದು ಚುಚ್ಚಿದಳೆಂದೂ, ಅಳು ಮರೆಸಲು ಉದ್ದಕ್ಕೂ ಹಾಡು ಹೇಳಿದಳೆಂದೂ, ಕೊನೆಗೆ ಅರಿಶಿನ ತಿಕ್ಕಿ, ಎರಡು ಸೇರು ಅಕ್ಕಿ ಮತ್ತು ಒಂದು ತೆಂಗಿನಕಾಯಿ ಪಡೆದು ಹೋದಳೆಂದೂ ತಾಯಿ ಹೇಳುತ್ತಿದ್ದರು. ಚಿನ್ನವೆಲ್ಲ ಇಲ್ಲೇ ಉಳಿಯುತ್ತದೆ, ಸತ್ತ ಮೇಲೆ ಸಂಗಡ ಬರುವುದು ಹಚ್ಚೆಯೊಂದೇ ಎಂಬ ಮಾತೂ ಅವರ ಬಾಯಲ್ಲಿತ್ತು. ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು ಮೊಮ್ಮಗಳು ಮೊಬೈಲಿನಲ್ಲಿ ತೆಗೆದಿದ್ದ ಆ ಕೈಯ ಫೋಟೊ ಉಳಿದಿತ್ತು. ಅದನ್ನೇ ಅಂಗಡಿಯವನ ಮುಂದೆ ಹಿಡಿದು, "ಇದೇ ಚಿತ್ರ, ಇದೇ ಹಸಿರು ಬಣ್ಣದಲ್ಲಿ ಬೇಕು" ಎಂದಳು.

ಅಂಗಡಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಮಾತಿಗೆ ಅವನು ಕೊಟ್ಟ ಉತ್ತರದಿಂದ. ಕಪಾಟಿನಲ್ಲಿ ಹಸಿರು ಮಸಿಯ ಶೀಶೆಗಳು ಸಾಲಾಗಿದ್ದವು. ಬಣ್ಣದ ಕೆಲಸಕ್ಕೆ ದರವೂ ಹೆಚ್ಚು. ಆದರೂ ಅವನು ಒಂದನ್ನೂ ಮುಟ್ಟಲಿಲ್ಲ. ಫೋಟೊವನ್ನು ಹಿಗ್ಗಿಸಿ ನೋಡಿ, "ಅಜ್ಜಿಗೆ ಹಾಕಿದ್ದು ಹಸಿರಲ್ಲ ಮೇಡಂ, ಕಪ್ಪೇ. ವರ್ಷ ಹೋದ ಹಾಗೆ ಹೀಗೆ ಕಂಡದ್ದು. ನಾನು ಈಗ ಹಸಿರು ಹಾಕಿದರೆ ಮುಂದೆ ಬೇರೆಯೇ ಕಾಣುತ್ತದೆ" ಎಂದನು. ಅನಂತರ ನನ್ನ ಮಣಿಕಟ್ಟಿನ ಕಡೆಗೆ ಕೈ ತೋರಿಸಿ, "ಸರ್ ಕೈಯಲ್ಲಿ ಇದೆಯಲ್ಲ, ನೋಡಿ" ಎಂದನು.

ಇತ್ತು. ಹೈಸ್ಕೂಲಿನ ದಿನಗಳಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ಬ್ಯಾಟರಿಯ ಯಂತ್ರ ಇಟ್ಟುಕೊಂಡು ಚಾಪೆಯ ಮೇಲೆ ಕುಳಿತಿದ್ದವನ ಹತ್ತಿರ, ಗೆಳೆಯರ ಪಂಥಕ್ಕೆ ಬಿದ್ದು ನನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿಕೊಂಡಿದ್ದೆ. ನಾಲ್ವರಿಗೂ ಒಂದೇ ಸೂಜಿ, ಒಂದೇ ಬಟ್ಟಲು. ಆ ಸೂಜಿಯಿಂದ ಯಾವ ರೋಗವೂ ಅಂಟದೆ ಉಳಿದದ್ದು ನಮ್ಮ ಪುಣ್ಯ. ಅಂದು ಇದ್ದಿಲಿನಷ್ಟು ಕಪ್ಪಾಗಿದ್ದ ಅಕ್ಷರ ಈಗ ನೀಲಿಯೋ ಹಸಿರೋ ಎನ್ನಲಾಗದ ಬಣ್ಣಕ್ಕೆ ತಿರುಗಿದೆ, ಅಂಚು ಹರಡಿ ಓದುವುದಕ್ಕೂ ಬರುವುದಿಲ್ಲ. ಸೂಜಿ ಮಿತಿಮೀರಿ ಆಳಕ್ಕೆ ಇಳಿದರೆ ಮಸಿ ಹೀಗೆ ಹರಡುತ್ತದೆಂದು ಹುಡುಗ ವಿವರಿಸಿದನು. ಅರ್ಧ ಶತಮಾನ ನಾನು ಮರೆಮಾಡಿಕೊಂಡು ಬಂದ ಗುರುತು ಕೊನೆಗೂ ಒಬ್ಬರಿಗೆ ಉಪಯೋಗಕ್ಕೆ ಬಂದಿತು.

ಕಪ್ಪು ಹಸಿರಾಗುವುದಕ್ಕೆ ಕಾರಣ ಚರ್ಮದ ರಚನೆಯಲ್ಲಿದೆ. ಸೂಜಿ ಮಸಿಯನ್ನು ಇಳಿಸುವುದು ಹೊರಪದರವನ್ನು ದಾಟಿ ಒಂದೆರಡು ಮಿಲಿಮೀಟರ್ ಆಳದ ಒಳಚರ್ಮಕ್ಕೆ. ಹೊರಪದರ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಸವೆದು ಹೊಸದಾಗುತ್ತದೆ, ಒಳಚರ್ಮ ಹಾಗೆ ಉದುರುವುದಿಲ್ಲ. ಅಲ್ಲಿ ಮಸಿಯ ಕಣಗಳನ್ನು ಹೊರಗಿನಿಂದ ಬಂದ ಕಸವೆಂದು ತಿಳಿದು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ನುಂಗುತ್ತವೆ, ಆದರೆ ಕರಗಿಸಲಾರದೆ ಹೊಟ್ಟೆಯಲ್ಲಿ ಇಟ್ಟುಕೊಂಡೇ ಕುಳಿತುಬಿಡುತ್ತವೆ. ಇಲಿಗಳ ಮೇಲೆ ಪ್ರಯೋಗ ನಡೆಸಿದ ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ತೋರಿಸಿದಂತೆ, ಅಂಥ ಕೋಶ ಸತ್ತಾಗ ಹೊರಬೀಳುವ ಮಸಿಯನ್ನು ಅದರ ಜಾಗಕ್ಕೆ ಬಂದ ಹೊಸ ಕೋಶ ಮತ್ತೆ ನುಂಗುತ್ತದೆ; ಹೀಗೆ ಕೈಯಿಂದ ಕೈಗೆ ದಾಟುತ್ತ ಗುರುತು ಇದ್ದಲ್ಲೇ ಇರುತ್ತದೆ. ಇನ್ನು ಬಣ್ಣದ ಸಂಗತಿ. ಕಾಡಿಗೆ ಎಂದರೆ ಇಂಗಾಲ, ಅದು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿಕೊಳ್ಳುತ್ತದೆ. ಅದರ ಮೇಲಿರುವ ಚರ್ಮವಾದರೋ ಬೆಳಕಿನ ನೀಲಿಯ ಅಂಶವನ್ನು ಹೆಚ್ಚಾಗಿ ಚದುರಿಸಿ ಕಣ್ಣಿನತ್ತ ಕಳಿಸುತ್ತದೆ. ಆ ನೀಲಿಗೆ ನಮ್ಮ ಮೈಬಣ್ಣದ ಹಳದಿ-ಕಂದು ಸೇರಿದಾಗ ಕಾಣುವುದು ಹಸಿರು. ಕೈಯ ನರಗಳೊಳಗೆ ಹರಿಯುವುದು ಕೆಂಪು ರಕ್ತವೇ ಆದರೂ ಹೊರಗಿನಿಂದ ಹಸಿರು ನರವೆಂದು ಕಾಣುವುದಕ್ಕೂ ಚರ್ಮದ ಇಂಥದೇ ಚಮತ್ಕಾರ ಕಾರಣ.

ಇಷ್ಟನ್ನು ಹೇಳಿದ್ದು ಭೌತವಿಜ್ಞಾನದ ಆಸೆಯಿಂದಲ್ಲ. ಕನ್ನಡದ ಹಚ್ಚೆ ಎಂಬ ಶಬ್ದದ ಅರ್ಥವೇ ಹಸಿರು. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು ಎಂಬುದು ಶಾಲೆಯಲ್ಲಿ ಕಲಿತವರಿಗೆಲ್ಲ ನೆನಪಿರುತ್ತದೆ: ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪೂ ಹೂವಾಯಿತು. ಅದೇ ದಾರಿಯಲ್ಲಿ ಪಚ್ಚೆ ಹಚ್ಚೆಯಾಗಿದೆ. ಹಸಿ, ಹಸಿರು, ಹಚ್ಚಗೆ, ಹಚ್ಚಹಸಿರು ಇವೆಲ್ಲ ಒಂದೇ ಬೇರಿನ ಚಿಗುರುಗಳು. ಪಕಾರವನ್ನು ಬಿಡದೆ ಉಳಿದ ರೂಪಗಳೂ ನಮ್ಮಲ್ಲಿವೆ; ಉಂಗುರದಲ್ಲಿ ಕೂರುವ ಪಚ್ಚೆಯ ಹರಳು, ದೇವರ ತೀರ್ಥಕ್ಕೆ ಬೀಳುವ ಪಚ್ಚಕರ್ಪೂರ. ಅಕ್ಕಪಕ್ಕದ ಭಾಷೆಗಳನ್ನು ಕೇಳಿದರೂ ಸಾಕ್ಷಿ ಇದೇ. ತಮಿಳರು ಪಚ್ಚೈ ಕುತ್ತುತ್ತಾರೆ, ಎಂದರೆ ಹಸಿರು ಚುಚ್ಚುತ್ತಾರೆ, ಮಲಯಾಳಿಗಳದು ಪಚ್ಚಕುತ್ತಲ್, ತೆಲುಗರದು ಪಚ್ಚಬೊಟ್ಟು, ಹಸಿರು ಬೊಟ್ಟು. ನಾಲ್ಕೂ ಭಾಷೆಗಳು ಈ ಗುರುತಿಗೆ ಒಂದೇ ಬಣ್ಣದ ಹೆಸರು ಇಟ್ಟಿರುವುದನ್ನು ನೋಡಿದರೆ ಇದು ಆಕಸ್ಮಿಕವೆನ್ನಲು ಬರುವುದಿಲ್ಲ. ಎಲೆಯ ರಸ ಸೇರಿಸುತ್ತಿದ್ದುದರಿಂದ ಹಸಿರು ಎಂಬ ಹೆಸರು ಬಂದಿರಬೇಕೆಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಎಲೆಯ ಹಸಿರು ಮೈಯೊಳಗೆ ಬಹಳ ದಿನ ನಿಲ್ಲುವಂಥದಲ್ಲ, ನಿಲ್ಲುವುದು ಕಾಡಿಗೆ. ಚುಚ್ಚುವ ದಿನ ಬಟ್ಟಲಿನಲ್ಲಿದ್ದ ಬಣ್ಣವನ್ನು ಬಿಟ್ಟು, ವರ್ಷಗಳ ಮೇಲೆ ಕೈಯಲ್ಲಿ ಕಾಣುವ ಬಣ್ಣವನ್ನು ಹಿಡಿದು ಹಿಂದಿನವರು ಹೆಸರಿಟ್ಟರೆಂದೇ ನಾನು ತಿಳಿಯುತ್ತೇನೆ.

ಅಂಗಡಿಯವನಿಗೆ ಈ ಶಬ್ದದ ಸಂಗತಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅದರ ಅರ್ಥವನ್ನು ಅವನು ಮಾಡಿ ತೋರಿಸಿದ್ದನು. ಆದರೆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗಿದ್ದ ಬರೆಹದಲ್ಲಿ, "ಬಣ್ಣವನ್ನು ಮೈಗೆ ಹಚ್ಚುವುದರಿಂದ ಹಚ್ಚೆ ಎಂಬ ಹೆಸರು ಬಂದಿದೆ" ಎಂದು ದಪ್ಪ ಅಕ್ಷರದಲ್ಲಿತ್ತು. ನಮ್ಮ ಕಡೆ ಎಣ್ಣೆ ಹಚ್ಚುತ್ತೇವೆ, ದೀಪ ಹಚ್ಚುತ್ತೇವೆ, ಹಾಗಾಗಿ ಕಿವಿಗೆ ಇದು ಸರಿಯೆನಿಸುವುದು ಸಹಜ. ಆದರೆ ಹಚ್ಚು ಎಂಬ ಕ್ರಿಯಾಪದ ಹತ್ತು ಎಂಬುದರ ಮನೆತನದ್ದು. ಹತ್ತಿಕೊಳ್ಳುವಂತೆ ಮಾಡುವುದೇ ಹಚ್ಚುವುದು. ತಮಿಳಿನಲ್ಲಿ ಆ ಮನೆತನದ ಶಬ್ದ ಪಟ್ರು ಎಂದು ಉಚ್ಚರಿಸುವ ಬೇರೆ ರೂಪ. ಹಚ್ಚೆ ಹಚ್ಚುವುದರಿಂದ ಬಂದಿದ್ದರೆ ತಮಿಳರ ಮಾತು ಅದರ ಸಮೀಪ ಇರಬೇಕಿತ್ತು, ಪಚ್ಚೈಯ ಸಮೀಪ ಅಲ್ಲ. ಇದನ್ನು ಹೇಳಿದಾಗ ಹುಡುಗ ಬೇಸರಿಸಲಿಲ್ಲ, ಹೊಸ ಚೌಕಟ್ಟಿಗೆ ಖರ್ಚೆಷ್ಟಾದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಂತೆ ಕಂಡಿತು. ಮಚ್ಚೆ, ಅಚ್ಚು ಇವುಗಳೊಡನೆ ಪ್ರಾಸ ಕೂಡುತ್ತದೆಂದು ಹಚ್ಚೆಗೆ ನಂಟು ಕಟ್ಟುವವರನ್ನೂ ಕಂಡಿದ್ದೇನೆ. ಪ್ರಾಸ ಕೂಡಿದ್ದೆಲ್ಲ ನೆಂಟಸ್ತಿಕೆಯಲ್ಲ.

ಅದೇ ಚೌಕಟ್ಟಿನ ಕೆಳಭಾಗದಲ್ಲಿ ಟ್ಯಾಟೂ ಎಂಬ ಶಬ್ದದ ಕಥೆಯಿತ್ತು, ಅದು ಬಹುಮಟ್ಟಿಗೆ ಸರಿಯಾಗಿತ್ತು. 1769ರಲ್ಲಿ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಶಾಂತಸಾಗರದ ತಾಹಿತಿ ದ್ವೀಪದಲ್ಲಿ ತಂಗಿದ್ದಾಗ ಅಲ್ಲಿಯವರು ಮೈಮೇಲೆ ಗುರುತು ಮಾಡಿಕೊಳ್ಳುವ ಪದ್ಧತಿಯನ್ನು ಹಡಗಿನವರು ತಮ್ಮ ದಿನಚರಿಗಳಲ್ಲಿ ದಾಖಲಿಸಿ, ಸ್ಥಳೀಯರ ತಾತಾವು ಎಂಬ ಮಾತನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಅದೇ ಮಾತು ಸವೆದು ಟ್ಯಾಟೂ ಆಯಿತು. ಆ ದ್ವೀಪಗಳ ಭಾಷೆಗಳಲ್ಲಿ ತಾ ಎಂದರೆ ಹೊಡೆಯುವುದು. ಎಲುಬಿನ ಹಲ್ಲುಳ್ಳ ಬಾಚಣಿಗೆಯಂಥ ಉಪಕರಣವನ್ನು ಕೋಲಿನಿಂದ ಬಡಿದು ಮಸಿ ಇಳಿಸುವ ಪದ್ಧತಿ ಅವರದಾದ್ದರಿಂದ ಹೊಡೆತವೇ ಹೆಸರಾದದ್ದು ಒಪ್ಪುವಂಥದು. ನಮ್ಮಲ್ಲಿಯೂ ಹಚ್ಚೆ ಹೊಯ್ಯುವುದು ಎಂಬ ಬಳಕೆ ಇದೆ, ಮತ್ತು ಹೊಯ್ ಎಂದರೆ ಸುರಿಯುವುದು ಮಾತ್ರವಲ್ಲ, ಹೊಡೆಯುವುದು ಕೂಡ. ಮರಾಠಿಯ ಗೋಂದಣ ಕಾರವಾರದಲ್ಲಿ ಕಿವಿಗೆ ಬೀಳುವ ಶಬ್ದವೇ. ಅದೂ ಹಿಂದಿಯ ಗೋದನಾ ಕೂಡ ಚುಚ್ಚುವುದನ್ನು ಹೇಳುತ್ತವೆ. ಜಪಾನಿನವರ ಇರೆಜುಮಿ ಎಂದರೆ ಮಸಿ ಇಳಿಸುವುದು. ಗ್ರೀಕರು ಚುಚ್ಚಿ ಮಾಡಿದ ಗುರುತಿಗೆ ಸ್ಟಿಗ್ಮಾ ಎಂದರು. ಓಡಿಹೋದ ಗುಲಾಮರ ಮುಖದ ಮೇಲೆ ಅವರು ಅಂಥ ಗುರುತು ಹಾಕುತ್ತಿದ್ದುದರಿಂದ ಆ ಶಬ್ದ ಕಾಲಕ್ರಮದಲ್ಲಿ ಕಳಂಕ ಎಂಬ ಅರ್ಥಕ್ಕೆ ಜಾರಿತು. ಚುಚ್ಚುವ ಕೆಲಸವನ್ನಾಗಲಿ ಬಡಿತವನ್ನಾಗಲಿ ಬಿಟ್ಟು, ಬಣ್ಣವನ್ನು ಹೆಸರು ಮಾಡಿಕೊಂಡದ್ದು ಈ ಸಾಲಿನಲ್ಲಿ ದ್ರಾವಿಡ ಭಾಷೆಗಳು.

ಚೌಕಟ್ಟಿನಲ್ಲಿ ಒಂದು ತಪ್ಪು ಇಲ್ಲಿಯೂ ನುಸುಳಿತ್ತು. ಸೈನಿಕರ ನಗಾರಿಯ ಟ್ಯಾಟೂವಿಗೂ ಈ ಶಬ್ದಕ್ಕೂ ಒಂದೇ ಮೂಲವೆಂದು ಬರೆದಿದ್ದರು. ನೌಕಾದಿನದ ಬೀಟಿಂಗ್ ರಿಟ್ರೀಟ್ ಮತ್ತು ಟ್ಯಾಟೂ ಸಮಾರಂಭದ ಹೆಸರು ಕೇಳಿರುವ ಕಾರವಾರದವರಿಗೆ, ಕದಂಬ ನೌಕಾನೆಲೆ ಊರಿನ ಬದಿಗೇ ಇರುವುದರಿಂದ, ಹೀಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಟ್ಯಾಟೂ ಡಚ್ಚರ ತಾಪ್ ತೂ ಎಂಬ ಮಾತಿನಿಂದ ಬಂದದ್ದು. ಪೀಪಾಯಿಯ ನಲ್ಲಿ ಮುಚ್ಚಿರಿ ಎಂದು ಅದರ ಅರ್ಥ. ಸಂಜೆ ಹೆಂಡದಂಗಡಿ ಮುಚ್ಚಿಸಿ ಸೈನಿಕರನ್ನು ಬಿಡಾರಕ್ಕೆ ಕರೆಯಲು ಬಾರಿಸುತ್ತಿದ್ದ ನಗಾರಿಗೆ ಆ ಹೆಸರು ಬಂತು. ಉಚ್ಚಾರ ಒಂದಾದರೂ ಎರಡು ಶಬ್ದಗಳೂ ಎರಡು ಬೇರೆ ಬೇರೆ ಕಡಲುಗಳಿಂದ ಬಂದವು.

ಈಗ ಕೆಲಸದ ಮಾತು. ಸೂಜಿಯ ಪೊಟ್ಟಣವನ್ನು ನಮ್ಮೆದುರಿಗೇ ಒಡೆದನು, ಮುಗಿದ ಮೇಲೆ ನಮ್ಮೆದುರಿಗೇ ಹಳದಿ ಡಬ್ಬಿಗೆ ಹಾಕಿದನು. ಮಸಿಯನ್ನು ದೊಡ್ಡ ಶೀಶೆಯಿಂದ ಬೆರಳ ತುದಿಯಷ್ಟು ಸಣ್ಣ ಮುಚ್ಚಳಕ್ಕೆ ಸುರಿದುಕೊಂಡನು, ಉಳಿದದ್ದನ್ನು ಶೀಶೆಗೆ ಮರಳಿಸಲಿಲ್ಲ. ನಡುವೆ ಫೋನ್ ಬಂದಾಗ ಎತ್ತಿದನು, ಆದರೆ ಕೈಗವಸನ್ನು ತೆಗೆದು ಎಸೆದು ಹೊಸದನ್ನು ಹಾಕಿಕೊಂಡೇ ಮತ್ತೆ ಕೆಲಸಕ್ಕೆ ಕುಳಿತನು. ನಾನು ಕಾದು ನೋಡುತ್ತಿದ್ದದ್ದೇ ಅದನ್ನು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಇವೆಲ್ಲ ಹಂಚಿಕೊಂಡ ಸೂಜಿಯಿಂದ ದಾಟಬಲ್ಲ ರೋಗಗಳಾದ್ದರಿಂದ ಇದು ಶಿಷ್ಟಾಚಾರದ ಮಾತಲ್ಲ. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬುದನ್ನು ಕೇಳದೆಯೇ ತಿಳಿಸಿದನು. ಅವನ ಕೈಯಲ್ಲಿದ್ದ ಯಂತ್ರ ಪೆನ್ನಿನಷ್ಟೇ ಇತ್ತು, ಹೋಲಿಕೆಗೆ ಇತಿಹಾಸದ ಆಧಾರವೂ ಇದೆ: 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಪೇಟೆಂಟ್ ಪಡೆದ ಮೊದಲ ವಿದ್ಯುತ್ ಹಚ್ಚೆ ಯಂತ್ರ, ಕಾಗದದಲ್ಲಿ ತೂತು ಕೊರೆದು ಪ್ರತಿ ತೆಗೆಯಲೆಂದು ಎಡಿಸನ್ ಮಾಡಿದ್ದ ವಿದ್ಯುತ್ ಪೆನ್ನಿನ ತತ್ತ್ವವನ್ನೇ ಅನುಸರಿಸಿತ್ತು.

ನಮಗಿಂತ ಮೊದಲು ಬಂದಿದ್ದ ಮಾಜಾಳಿ ಕಡೆಯ ಯುವಕನಿಗೆ ಕುತ್ತಿಗೆಯ ಮೇಲೆ ಲಂಗರಿನ ಚಿತ್ರ ಬೇಕಾಗಿತ್ತು. ನೌಕಾಪಡೆಗೆ ಅರ್ಜಿ ಹಾಕುವವನೆಂದು ತಿಳಿದ ಕೂಡಲೆ ಅಂಗಡಿಯವನು ಕುತ್ತಿಗೆಯ ಕೆಲಸಕ್ಕೆ ಒಪ್ಪಲಿಲ್ಲ. ನೇಮಕಾತಿಯ ಪ್ರಕಟಣೆಗಳಲ್ಲಿ ಶಾಶ್ವತ ಹಚ್ಚೆಗೆ ಅನುಮತಿ ಇರುವುದು ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಮಗ್ಗುಲಿಗೆ ಮತ್ತು ಅಂಗೈಯ ಹಿಂಬದಿಗೆ ಮಾತ್ರ. ರೂಢಿಯಿರುವ ಬುಡಕಟ್ಟಿನವರಿಗೆ ವಿನಾಯಿತಿ ಇದೆ. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವುದಕ್ಕೆ ಎದೆಗಾರಿಕೆ ಬೇಕು, ಅದೂ ಬಾಡಿಗೆಯ ಅಂಗಡಿಯಲ್ಲಿ.

ಮೆಚ್ಚದ್ದರಲ್ಲಿ ಮೊದಲನೆಯದು ಕನ್ನಡ ಅಕ್ಷರಗಳ ಕೆಲಸ. ಮೇಜಿನ ಮೇಲಿದ್ದ ಮಾದರಿಗಳ ಪುಸ್ತಕದಲ್ಲಿ ಶಕ್ತಿ ಎಂಬುದು ‘ಶಕ್‌ತಿ’ ಎಂದು ಒತ್ತಕ್ಷರ ಕಳಚಿ ನಿಂತಿತ್ತು. ಕಂಪ್ಯೂಟರಿನ ಚಿತ್ರದ ತಂತ್ರಾಂಶಕ್ಕೆ ಕನ್ನಡದ ಒತ್ತು ಕೂಡಿಸಲು ಬರದಿದ್ದಾಗ ಹೀಗಾಗುತ್ತದೆ. ಮದುವೆಯ ಕಾಗದದಲ್ಲಿ ಆದರೆ ಮತ್ತೆ ಅಚ್ಚು ಹಾಕಿಸಬಹುದು, ತೋಳಿನ ಮೇಲೆ ಆದರೆ ಲೇಸರ್‌ಗೆ ಹಲವು ಸಲ ಹೋಗಬೇಕು, ಹೋದರೂ ಪೂರ್ತಿ ಅಳಿಸುತ್ತದೆಂಬ ಭರವಸೆಯಿಲ್ಲ. ಆ ಪುಟದ ಮಾದರಿಯನ್ನು ಯಾರಾದರೂ ಈಗಾಗಲೇ ಹಾಕಿಸಿಕೊಂಡಿದ್ದಾರೆಯೇ ಎಂದು ಕೇಳಿದೆ. ಅವನು ಉತ್ತರ ಹೇಳದೆ ಹಾಳೆಯನ್ನು ಹರಿದು ತೆಗೆದನು. ಕನ್ನಡದಲ್ಲಿ ಹೆಸರು ಬರೆಸುವವರು ಕಾಗದದ ಮೇಲೆ ಕೈಯಾರೆ ಬರೆದುಕೊಂಡು ಹೋಗುವುದು, ಹಾಗೂ ಸೂಜಿ ತಾಗುವ ಮೊದಲು ಚರ್ಮಕ್ಕೆ ಒತ್ತಿದ ನಕಲನ್ನು ಇನ್ನೊಬ್ಬರಿಂದ ಓದಿಸುವುದು ಒಳ್ಳೆಯದು.

ಹತ್ತೂವರೆಗೆ ಬನ್ನಿರೆಂದು ಹೇಳಿ ಹನ್ನೆರಡರವರೆಗೆ ಕಾಯಿಸಿದ್ದು ಎರಡನೆಯದು. ಗಾಯದ ಆರೈಕೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದ್ದದ್ದು ಅದಕ್ಕಿಂತ ದೊಡ್ಡ ಕೊರತೆ. ಬೈತಖೋಲದ ಮೀನುಗಾರ ಹುಡುಗರೂ ಬರುವ ಅಂಗಡಿಯಿದು. ಎರಡು ಮೂರು ವಾರ ಸಮುದ್ರದ ನೀರಿಗೆ ಇಳಿಯಬಾರದು, ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು, ಹಕ್ಕಳೆಯನ್ನು ಕೆರೆಯಬಾರದು ಎಂಬ ಸೂಚನೆಗಳು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೆ ಆ ಚೀಟಿಯಿಂದ ಪ್ರಯೋಜನವಿಲ್ಲ. ಅವನ ಅನುಮತಿ ಪಡೆದು ಅದರ ಹಿಂಬದಿಯಲ್ಲಿ ಕನ್ನಡದಲ್ಲಿ ಹತ್ತು ಸಾಲು ಬರೆದುಕೊಟ್ಟು ಬಂದಿದ್ದೇನೆ.

ಎರಡೂವರೆ ಇಂಚಿನ ಕಪ್ಪು ಕೆಲಸಕ್ಕೆ 3,000 ರೂಪಾಯಿ ತೆಗೆದುಕೊಂಡನು. ಚುಚ್ಚಲು ಹಿಡಿದದ್ದು ಐವತ್ತು ನಿಮಿಷ. ಗೆರೆಗಳನ್ನು ಅವನು ನೇರ ಮಾಡಲು ಹೊರಟಾಗ ತಂಗಿಯ ಮಗಳು ತಡೆದಳು, ಏಕೆಂದರೆ ಅಜ್ಜಿಯ ಕೈಯಲ್ಲಿ ಎರಡನೆಯ ಮೆಟ್ಟಿಲು ಬಲಕ್ಕೆ ಕೊಂಚ ಇಳಿದಿತ್ತು. ಕೊರವಂಜಿಯ ಕೈ ಅಲ್ಲಿ ನಡುಗಿತೋ, ಹುಡುಗಿ ಕೈ ಎಳೆದುಕೊಂಡಳೋ. ಅವನು ಫೋಟೊವನ್ನು ಮತ್ತೊಮ್ಮೆ ನೋಡಿ ನಕಲನ್ನು ಸ್ಪಿರಿಟ್ಟಿನಿಂದ ಒರೆಸಿ, ಆ ಓರೆಯನ್ನು ಹಾಗೆಯೇ ಬರೆದು ತಂದನು. ಎರಡನೆಯ ಸಲ ನಕಲು ತೆಗೆದದ್ದಕ್ಕೆ ಬೇರೆ ಹಣ ಕೇಳಲಿಲ್ಲ.

ಮನೆಗೆ ಬಂದ ಮೇಲೆ ನನ್ನ ತಂಗಿ, ನಂಜಾಗುತ್ತದೆಂದು ಮಗಳಿಗೆ ಹದಿನೈದು ದಿನ ಬಂಗಡೆ ಮುಟ್ಟಗೊಡಲಿಲ್ಲ. ಅಂಗಡಿಯವನ ಚೀಟಿಯಲ್ಲಿ ಮೀನಿನ ವಿಷಯವೇ ಇರಲಿಲ್ಲ, ಆದರೂ ಆ ಪಥ್ಯವನ್ನು ಮೀರುವ ಧೈರ್ಯ ನಮಗಾರಿಗೂ ಬರಲಿಲ್ಲ. ಮೂರನೆಯ ವಾರಕ್ಕೆ ಸಿಪ್ಪೆ ಎದ್ದು ಹೋಗಿ ಗಾಯ ಮಾಯಿತು. ಕಟ್ಟೆ, ಗಿಡ, ಓರೆ ಮೆಟ್ಟಿಲು ಎಲ್ಲವೂ ಅಚ್ಚಗಪ್ಪು. ಐದು ಚುಕ್ಕಿಗಳಲ್ಲಿ ಮಣಿಕಟ್ಟಿನ ಹತ್ತಿರದ ಒಂದು ಮಾತ್ರ ಮಸಿ ಹಿಡಿಯದೆ ತೆಳುವಾಗಿದೆ. ಆರು ತಿಂಗಳೊಳಗೆ ಬಂದರೆ ಅದನ್ನು ಪುಕ್ಕಟೆ ತಿದ್ದಿಕೊಡುವುದಾಗಿ ಅಂಗಡಿಯವನು ಫೋನಿನಲ್ಲಿ ಹೇಳಿದ್ದಾನೆ. ಅವಳು ಸುಗ್ಗಿ ಹಬ್ಬಕ್ಕೆ ಊರಿಗೆ ಬಂದಾಗ ಕರೆದುಕೊಂಡು ಹೋಗುವುದಿದೆ. ಗೋಡೆಯ ಚೌಕಟ್ಟು ಬದಲಾಗಿದೆಯೇ ಎಂದು ಅಂದು ನೋಡಿ ಬರುತ್ತೇನೆ.